ಪತ್ರೆಯ ಚೂರು

ನುಚ್ಚಿನ ಗಂಜಿಯನ್ನು ಹಳೆಯ ಧೋತರದ ತುಂಡಿನಲ್ಲಿ ಗಂಟು ಕಟ್ಟಿ ಹಿಂಡುತ್ತಿದ್ದ ಶಾಂತಾದೇವಿಗೆ ದೇವರ ಕೋಣೆಯಿಂದ ಕೆಮ್ಮು ಕೇಳಿಸಿತು. ಕೈ ತಾನಾಗಿ ನಿಂತಿತು. ಎರಡನೆಯ ಕೆಮ್ಮು ಬರುತ್ತದೆಯೇ ಎಂದು ಉಸಿರು ಹಿಡಿದು ಕಾದಳು. ಬರಲಿಲ್ಲ. ಬೆಳ್ಳನೆಯ ನೀರು ಬೆರಳುಗಳ ಸಂದಿಯಿಂದ ಇಳಿದು ಪಾತೇಲಿಗೆ ಬೀಳುತ್ತಲೇ ಇತ್ತು. ಅತ್ತೆ ಗುರುಸಿದ್ದವ್ವ ಹುಬ್ಬಳ್ಳಿಯ ಆಸ್ಪತ್ರೆಯಿಂದ ಮರಳಿ ಒಂದು ತಿಂಗಳ ಮೇಲೆ ಒಂದು ವಾರವಾಗಿತ್ತು. ಅಂದಿನಿಂದ ಈ ಮನೆಯ ಸದ್ದುಗಳನ್ನೆಲ್ಲ ಅವಳು ಎರಡು ಪಾಲು ಮಾಡಿಕೊಂಡಿದ್ದಳು. ಗುರುಸಿದ್ದವ್ವನ ಎದೆಯಿಂದ ಬಂದವು ಒಂದು ಪಾಲು. ಬಚ್ಚಲ ನಲ್ಲಿ, ಹಳಿಯಾಳದ ಪೇಟೆಗೆ ಹೋಗುವ ಲಾರಿಗಳು, ಗಂಡನ ಫೋನು, ಇವೆಲ್ಲ ಇನ್ನೊಂದು ಪಾಲು. ಆ ಎರಡನೆಯ ಪಾಲು ಈಚೆಗೆ ಅವಳ ಕಿವಿಯನ್ನು ಮುಟ್ಟುವುದೇ ಕಡಿಮೆಯಾಗಿತ್ತು.

ಪೂಜೆ ಮುಗಿಯುವ ಹೊತ್ತು. ಅರೆ ತೆರೆದ ಬಾಗಿಲಿನಿಂದ ಅತ್ತೆಯ ಬೆನ್ನು ಕಾಣುತ್ತಿತ್ತು. ಕುಪ್ಪಸ ಸಡಿಲಾಗಿ ಜೋತಿತ್ತು, ಎಡಗೈ ಮುಂದೆ ಚಾಚಿತ್ತು, ಅಂಗೈಯ ಮೇಲಿನ ಲಿಂಗದಲ್ಲಿ ದೃಷ್ಟಿ ನೆಟ್ಟು ಕೂತ ಆ ಬೆನ್ನು ಅಲುಗಾಡುತ್ತಿರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಲಿಂಗಕ್ಕೆ ಎರೆದ ನೀರನ್ನು ಮೂರು ಸಲ ಕುಡಿಯುತ್ತಾಳೆ. ಆಮೇಲೆ ಬಟ್ಟಲಿನ ಪ್ರಸಾದ. ಹಾಲು, ಸಕ್ಕರೆ ಹಾಕಿ ಹಿಚುಕಿದ ಬಾಳೆಹಣ್ಣು, ಅದರಲ್ಲಿ ಪೂಜೆಯ ಬಿಲ್ವಪತ್ರೆಯಿಂದ ಉಗುರಿನಷ್ಟು ಚೂರು. ಐವತ್ತು ವರ್ಷಗಳ ನೇಮ. ಬಟ್ಟಲು ಹೊರಗೆ ಬಂದಾಗ ಅದರ ತಳ ಫಳಫಳ ಹೊಳೆಯುತ್ತಿರುತ್ತದೆ. ಆ ಹೊಳಪಿನ ಮೇಲೆಯೇ ಶಾಂತಾದೇವಿಗೆ ಈಗ ನಾಲ್ಕು ದಿನಗಳಿಂದ ಅನುಮಾನ. ತಿಂದು ಬರಿದಾದ ಬಟ್ಟಲಿಗೆ ಒಂದು ಜಿಗುಟು ಇರುತ್ತದೆ. ಇದು ತೊಳೆದ ಬಟ್ಟಲು. ಗಂಜಿಯ ನೀರನ್ನೇ ನಾಲ್ಕು ಗುಟುಕಿಗೊಮ್ಮೆ ನಿಲ್ಲಿಸಿ ನಿಲ್ಲಿಸಿ ಇಳಿಸಿಕೊಳ್ಳುವವಳು ಹಣ್ಣನ್ನು ಹೇಗೆ ಇಳಿಸಿದಳು? ನಿನ್ನೆ ಹಿತ್ತಲಿಗೆ ಹೋಗಿ ನೋಡಿದಳು. ಹಳೆಯ ಬಣ್ಣದ ಡಬ್ಬಿಯಲ್ಲಿ ನೆಟ್ಟ ಬಿಲ್ವದ ಸಸಿಯ ಬುಡಕ್ಕೆ ಇರುವೆಗಳು ಸಾಲುಗಟ್ಟಿದ್ದವು. ಕಡ್ಡಿಯಿಂದ ಕೆದರಿದಾಗ ಮಣ್ಣಿನ ಕೆಳಗೆ ಕಂದುಬಣ್ಣಕ್ಕೆ ತಿರುಗಿದ ಹಣ್ಣಿನ ಮುದ್ದೆ ಸಿಕ್ಕಿತು. ಯಾರೋ ನೋಡಿಬಿಡುತ್ತಾರೆ ಎನ್ನುವಂತೆ ಅವಳೇ ಅವಸರದಿಂದ ಮಣ್ಣು ಮುಚ್ಚಿದಳು. ಮುಚ್ಚಿದ ಮೇಲೆ ಯೋಚನೆ ಬಂತು: ಪ್ರಸಾದವನ್ನು ನೆಲಕ್ಕೆ ಬಿಡುವ ಹೆಣ್ಣಲ್ಲ ಇವಳು. ಯಾರಿಂದ ಮುಚ್ಚಿಡುತ್ತಿದ್ದಾಳೆ? ಮಗನಿಂದಲೋ, ನನ್ನಿಂದಲೋ?

ಹೋದ ವರ್ಷ ಶ್ರಾವಣದಲ್ಲಿ ಮೊದಲು ರೊಟ್ಟಿ ಎದೆಯಲ್ಲಿ ನಿಂತದ್ದು. ಆಮೇಲೆ ಅನ್ನ, ಆಮೇಲೆ ಮೊಸರಿನಲ್ಲಿ ಕಲಸಿದ ಅನ್ನ. ಅತ್ತೆ ಊಟದ ಮಧ್ಯೆ ಎದ್ದು ಬಚ್ಚಲಿಗೆ ಹೋಗುವುದು, ಸೆರಗಿನಿಂದ ಬಾಯಿ ಒರೆಸಿಕೊಂಡು ಬಂದು ಏನೂ ಆಗದವಳ ಹಾಗೆ ಮತ್ತೆ ಕೂಡುವುದು, ಇದನ್ನು ತಿಂಗಳುಗಟ್ಟಲೆ ಶಾಂತಾದೇವಿ ನೋಡಿದ್ದಳು, ನೋಡದವಳಂತೆ ಇದ್ದಳು. ಕೊನೆಗೆ ದಾಂಡೇಲಿಯ ಚಿಕ್ಕ ಆಸ್ಪತ್ರೆಯೊಂದಕ್ಕೆ ಗುರುವಾರಕ್ಕೊಮ್ಮೆ ಧಾರವಾಡದಿಂದ ಬರುವ ಹೊಟ್ಟೆಯ ಡಾಕ್ಟರು ಬಾಯಿಂದ ನಳಿಗೆ ಇಳಿಸಿ ನೋಡಿದರು. ಕ್ಯಾನ್ಸರ್ ಅಲ್ಲ, ಚೂರು ತೆಗೆದು ಪರೀಕ್ಷೆಗೆ ಕಳಿಸಿ ಖಾತ್ರಿ ಮಾಡಿಕೊಂಡಿದ್ದೇವೆ ಎಂದರು. ವರ್ಷಗಟ್ಟಲೆ ಹುಳಿ ಮೇಲೆ ಬಂದು ಅನ್ನನಾಳ ಸುಟ್ಟು, ಗಾಯ ಮಾಯುತ್ತ ಮಾಯುತ್ತ ಕಿರಿದಾಗಿದೆ. ಹಾಳೆಯ ಮೇಲೆ ಸೀಸೆಯ ಕುತ್ತಿಗೆಯಂಥ ಒಂದು ಚಿತ್ರ ಬರೆದು, ಇಲ್ಲಿ ಒಂದು ಬಲೂನು ಇಟ್ಟು ಹಿಗ್ಗಿಸುತ್ತೇವೆ, ಕೊಯ್ಯುವುದಿಲ್ಲ, ಸಂಜೆಗೆ ಮನೆಗೆ ಹೋಗಬಹುದು ಎಂದರು. ಒಂದೇ ಸಲಕ್ಕೆ ಆಗುವುದಿಲ್ಲ, ಮೂರೋ ನಾಲ್ಕೋ ಸಲ ಬೇಕು, ಅಪರೂಪಕ್ಕೆ ನಾಳ ಹರಿಯುವ ಅಪಾಯ ಇದೆ ಎಂದೂ ಅವರೇ ಹೇಳಿದರು. ಅಪಾಯವನ್ನು ಕೇಳದೆಯೇ ಹೇಳಿದ್ದೇ ಗಂಡ ಈರೇಶನಿಗೆ ಸಂಶಯ ತಂದಿತು. ಅವನು ಗೋವಿನಜೋಳದ ವ್ಯಾಪಾರಿ, ತಾನಾಗಿ ಕೊರತೆ ಹೇಳುವ ಮಾರಾಟಗಾರನನ್ನು ನಂಬಿದವನಲ್ಲ. ಒಂದೇ ಸಲಕ್ಕೆ ಯಾಕೆ ಹಿಗ್ಗಿಸುವುದಿಲ್ಲ, ನಮ್ಮವ್ವನ ಮೇಲೆ ಕೈ ಪಳಗಿಸಿಕೊಳ್ಳುತ್ತಾರೇನು ಎಂದು ಕಾರಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅಂದ. ಆದರೆ ಮೊದಲ ಸಲ ಬೆಳಗಿನ ಏಳಕ್ಕೇ ಕರೆದು ಬಲೂನು ಮಾಡಿ ಕಳಿಸಿದ ಮೂರನೆಯ ದಿನ ಗುರುಸಿದ್ದವ್ವ ಸಾರಿನಲ್ಲಿ ನೆನೆಸಿದ ರೊಟ್ಟಿ ತಿಂದಳು. ಅರ್ಧ ರೊಟ್ಟಿ. ತಿನ್ನುತ್ತ ಗೋಡೆಯ ಕಡೆ ತಿರುಗಿದಳು. ಅಳುತ್ತಿದ್ದಾಳೆಂದು ಶಾಂತಾದೇವಿಗೆ ಭುಜ ನೋಡಿ ತಿಳಿಯಿತು. ಇಪ್ಪತ್ತಾರು ವರ್ಷಗಳಲ್ಲಿ ಆ ಭುಜ ಹಾಗೆ ಅಲುಗಿದ್ದನ್ನು ಅವಳು ಕಂಡಿರಲಿಲ್ಲ.

ಎರಡನೆಯ ಸಲದ ಸರದಿ ಹನ್ನೊಂದು ಗಂಟೆಗಿತ್ತು. ಅದೇ ಎಲ್ಲಕ್ಕೂ ಕಾರಣ, ಆ ಹನ್ನೊಂದು ಗಂಟೆ, ಎಂದು ಎಷ್ಟೋ ಸಲ ಅಂದುಕೊಂಡಿದ್ದಾಳೆ. ಏಳಕ್ಕೆ ಕರೆದಿದ್ದರೆ ಮೊದಲ ಸಲದಂತೆ ಮರಳಿ ಬಂದ ಮೇಲೆ ಪೂಜೆ ಆಗುತ್ತಿತ್ತು. ಹನ್ನೊಂದಾದ್ದರಿಂದ ಪೂಜೆ ಮುಗಿಸಿಯೇ ಹೊರಟರು. ಬಟ್ಟಲಿಗೆ ಹಣ್ಣು ಹಿಚುಕಿ ಕೊಟ್ಟವಳು ಅವಳೇ. ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದ್ದರು, ಆದರೆ ಉಪವಾಸದ ದಿನವೂ ಆ ಮನೆಯಲ್ಲಿ ಅದು ನಡೆಯುವಂಥದ್ದು. ಶ್ರಾವಣ ಸೋಮವಾರ ಇಡೀ ದಿನ ಒಂದಗುಳು ಮುಟ್ಟದ ಅತ್ತೆ ಪೂಜೆಯ ಬಟ್ಟಲನ್ನು ಮಾತ್ರ ಬರಿದು ಮಾಡುತ್ತಿದ್ದಳು. ಅದನ್ನು ಊಟವೆಂದು ಯಾರೂ ಎಣಿಸಿದವರಲ್ಲ, ಬಿಟ್ಟರೇ ದೋಷ. ಆಸ್ಪತ್ರೆಯ ಒಳಕೋಣೆಯಲ್ಲಿ ಹಸಿರು ಅಂಗಿ ತೊಡಿಸುತ್ತಿದ್ದ ನರ್ಸು ಶಹನಾಜ, ದಾಂಡೇಲಿಯದೇ ಹುಡುಗಿ, ಬಂಗೂರನಗರದಲ್ಲಿ ಓದಿದವಳು. ಶಾಂತಾದೇವಿಯ ತವರೂ ಅದೇ, ಅಪ್ಪ ಕಾಗದದ ಕಾರ್ಖಾನೆಯಲ್ಲಿದ್ದವರು ಎಂದು ತಿಳಿದ ಮೇಲೆ ಅಕ್ಕಾರ ಅಕ್ಕಾರ ಎಂದು ಹಚ್ಚಿಕೊಂಡಿದ್ದಳು. ಎದೆಯ ಮೇಲಿನ, ಲಿಂಗವಿದ್ದ ಬೆಳ್ಳಿಯ ಕರಡಿಗೆ ಈ ಸಲದ ಎಕ್ಸ್-ರೇಗೆ ಅಡ್ಡ ಬರುತ್ತದೆ, ತೆಗೆಯಬೇಕು ಎಂದಾಗ ಗುರುಸಿದ್ದವ್ವ ಎರಡೂ ಕೈಯಿಂದ ಅದನ್ನು ಮುಚ್ಚಿಕೊಂಡಳು. ಮೈಯಿಂದ ಲಿಂಗ ಅಗಲಬಾರದು. ಹುಡುಗಿ ಒಂದು ಗಳಿಗೆ ಯೋಚಿಸಿ, ತೆಗೆಯೂದು ಬ್ಯಾಡ ಅಜ್ಜಿ, ತೋಳಿಗೆ ಕಟ್ಟತೇನಿ, ಮೈ ಮ್ಯಾಲೇ ಇರತೈತಿ ಎಂದು ಬ್ಯಾಂಡೇಜಿನ ಬಟ್ಟೆಯಲ್ಲಿ ಸುತ್ತಿ ಬಲತೋಳಿಗೆ ಭದ್ರವಾಗಿ ಕಟ್ಟಿದಳು. ಗಂಟು ಹಾಕುತ್ತಲೇ ಕೇಳಿದಳು.

"ಅಜ್ಜಿ, ಬೆಳಿಗ್ಗಿಂದ ಹೊಟ್ಟಿಗೆ ಏನರ ಹೋಗೇತೇನು?"

"ಏನೂ ಇಲ್ಲವ್ವ. ಉಪವಾಸ ಅದೇನಿ."

"ನೀರು, ಚಾ, ಏನೂ ಇಲ್ಲ?"

"ಇಲ್ಲಂದೆನಲ್ಲ."

ಆಗ ಹುಡುಗಿ ಶಾಂತಾದೇವಿಯ ಮುಖ ನೋಡಿದಳು. ನೋಡಿದ್ದು ಎಷ್ಟು ಹೊತ್ತು? ರೆಪ್ಪೆ ಎರಡು ಸಲ ಬಡಿಯುವಷ್ಟು. ಶಾಂತಾದೇವಿಯ ಬಾಯಿ ತುಸು ತೆರೆದಿತ್ತು. ಅದು ಅವಳಿಗೆ ಈಗಲೂ ನೆನಪಿದೆ, ತುಟಿಗಳ ನಡುವೆ ಎ.ಸಿ.ಯ ತಣ್ಣನೆ ಗಾಳಿ ಹೋದದ್ದು. ಆಮೇಲೆ ಬಾಯಿ ಮುಚ್ಚಿದಳು. ಹುಡುಗಿ ಹಾಳೆಯಲ್ಲಿ ಗುರುತು ಹಾಕಿ, ಇಲ್ಲೊಂದು ಸಹಿ ಮಾಡ್ರಿ ಅಕ್ಕಾರ ಎಂದಳು. ಮಾಡಿದಳು.

ಅರ್ಧ ಗಂಟೆಗೆ ಒಳಗಿನಿಂದ ಓಡಾಟದ ಸದ್ದು. ಮಂಪರಿನಲ್ಲಿದ್ದಾಗ ಗಂಟಲಿಗೆ ಬಂದದ್ದು ಉಸಿರಿನ ದಾರಿಗೆ ಇಳಿದಿತ್ತು. ನಳಿಗೆ ಹೊರಗೆ ತೆಗೆದು, ಹೀರಿ ತೆಗೆದು, ಆಕ್ಸಿಜನ್ ಕೊಟ್ಟು ಆ್ಯಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ. ಎಂಟು ದಿನ ಐಸಿಯು. ಎದೆಯಲ್ಲಿ ನಂಜು. ಕಿರಿದಾದ ನಾಳದ ಮೇಲೆ ಆಹಾರ ನಿಂತಿತ್ತು, ಇಂಥ ರೋಗಿಗಳಲ್ಲಿ ಹಿಂದಿನ ದಿನದ್ದೂ ನಿಂತಿರುತ್ತದೆ, ಬಲೂನು ಹಾಕುವ ಮೊದಲೇ ಹೀಗಾಯಿತು ಎಂದು ಡಾಕ್ಟರು ಕೈಕಟ್ಟಿ ನಿಂತು ಹೇಳಿದರು. ಹಿಂದಿನ ದಿನದ್ದೂ ನಿಂತಿರುತ್ತದೆ: ಆ ಮಾತನ್ನು ಶಾಂತಾದೇವಿ ಎಂಟು ದಿನ ಕಾರಿಡಾರಿನ ಕಬ್ಬಿಣದ ಕುರ್ಚಿಯಲ್ಲಿ ಕೂತು ಚಪ್ಪರಿಸಿದಳು. ಆದರೆ ಆ್ಯಂಬುಲೆನ್ಸು ಬರುವ ಮೊದಲು ಶಹನಾಜ ಅವಳನ್ನು ಒಳಗೆ ಕರೆದಿದ್ದಳು. ಹೀರಿ ತೆಗೆದದ್ದು ತುಂಬಿದ ಗಾಜಿನ ಜಾಡಿ. ಬೆಳ್ಳನೆಯ ಲೋಳೆಯಲ್ಲಿ ಒಂದು ಹಸಿರು ಚೂರು ಗಾಜಿಗೆ ಅಂಟಿತ್ತು. ಇದೇನ್ರಿ ಅಕ್ಕಾರ, ರಾತ್ರಿ ಸಾರಿನಾಗಿನ ಕೊತ್ತಂಬರಿನ? ಹುಡುಗಿಯ ದನಿಯಲ್ಲಿ ಆರೋಪ ಇರಲಿಲ್ಲ, ಗಾಬರಿಯಿತ್ತು. ಮೂರು ಎಲೆಯ ಪತ್ರೆಯಿಂದ ತನ್ನ ಉಗುರಿನಿಂದಲೇ ಹರಿದು ಹಾಕಿದ ಆ ಚೂರಿನ ಅಂಚು ಕೂಡ ಶಾಂತಾದೇವಿಗೆ ಗುರುತು ಸಿಕ್ಕಿತು. ಇರಬೇಕ್ರಿ, ಎಂದಳು.

ಆ ಒಂದು ಶಬ್ದವನ್ನು ಹಿಡಿದುಕೊಂಡೇ ಶಹನಾಜ ಡಾಕ್ಟರಿಗೆ ಹೇಳಿರಬೇಕು, ರಾತ್ರಿಯದ್ದು ಎಂದು. ಈಗ ಅವಳನ್ನು ಕೆಲಸಕ್ಕೆ ಬರಬೇಡ ಎಂದು ಮನೆಯಲ್ಲಿ ಕೂರಿಸಿದ್ದಾರೆ. ಈರೇಶ ಆಸ್ಪತ್ರೆಯ ಮೇಲೆ ಹಾರಾಡಿ ಬಂದಿದ್ದ, ಊಟದ ಬಗ್ಗೆ ಒಬ್ಬರೂ ಕೇಳಲಿಲ್ಲ, ಖಾಲಿ ಹಾಳೆಗೆ ಹೆಂಗಸಿನ ಸಹಿ ಹಾಕಿಸಿಕೊಂಡರು ಎಂದು. ಅವನು ಅಂದು ಹೊರಗೆ ಬೇವಿನ ಮರದ ಕೆಳಗೆ ಫೋನಿನಲ್ಲಿ ಲಾರಿಯವನೊಂದಿಗೆ ಜಗಳಾಡುತ್ತಿದ್ದ, ಏನೂ ಕೇಳಿದವನಲ್ಲ. ಆದರೂ ದಿನ ಕಳೆದ ಹಾಗೆ ಅವನ ಮಾತಿಗೆ ಕಣ್ಣಿಂದ ಕಂಡವನ ಖಚಿತತೆ ಬರುತ್ತಿತ್ತು. ಆ ಹುಡುಗಿಗೆ ನಮ್ಮ ಮಂದಿಯ ರೀತಿ ಏನು ಗೊತ್ತು ಎಂದು ಒಮ್ಮೆ ಅಂದ. ಅವಳೇ ಲಿಂಗವನ್ನು ತೋಳಿಗೆ ಕಟ್ಟಿದಳು ಎಂದು ಶಾಂತಾದೇವಿಗೆ ಹೇಳಬೇಕೆನಿಸಿತು. ಹೇಳಿದರೆ ಅಲ್ಲಿಂದ ಮುಂದಿನ ಮಾತೂ ಬರುತ್ತದೆಂದು ಹಪ್ಪಳದ ಡಬ್ಬಿಯ ಮುಚ್ಚಳ ತಿರುಗಿಸುತ್ತ ನಿಂತಳು. ಹತ್ತು ದಿನಗಳ ಹಿಂದೆ ಶಹನಾಜಳ ಫೋನು ಬಂದಿತ್ತು. ಹುಡುಗಿ ಅಳಲಿಲ್ಲ, ಬೈಯಲಿಲ್ಲ. ಅಜ್ಜಿ ಹೆಂಗ ಅದಾರು ಎಂದು ಮೊದಲು ಕೇಳಿದಳು. ಆಮೇಲೆ, "ಅಕ್ಕಾರ, ನಾ ಕೇಳಿದ್ದೆ ಹೌದಲ್ರಿ? ಅಷ್ಟ ಹೇಳ್ರಿ ಸಾಕು. ಈಗೀಗ ನನಗ ನನ್ನ ಮ್ಯಾಲ ಅನುಮಾನ ಬರಾಕತ್ತೇತಿ." ಹಾಲು ಉಕ್ಕತೈತವ್ವ, ಆಮೇಲೆ ಮಾಡತೇನಿ ಎಂದು ಶಾಂತಾದೇವಿ ಫೋನು ಇಟ್ಟಳು. ಒಲೆಯ ಮೇಲೆ ಹಾಲು ಇರಲಿಲ್ಲ.

ಬಟ್ಟಲು ಹೊರಗೆ ಬಂತು. ಫಳಫಳ. ಅದರ ಹಿಂದೆಯೇ ಈರೇಶ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಅಡಿಗೆಮನೆಗೆ ಬಂದು ಟೈಪು ಮಾಡಿಸಿದ ದೂರಿನ ಎರಡು ಹಾಳೆಗಳನ್ನು ಮತ್ತೆ ಕಟ್ಟೆಯ ಮೇಲಿಟ್ಟ. ಒಂದು ಆಸ್ಪತ್ರೆಗೆ, ಒಂದು ಕಾರವಾರದ ಆರೋಗ್ಯ ಕಚೇರಿಗೆ. ಶುಕ್ರವಾರ ಕೊಡುತ್ತಾನಂತೆ. ನಾಳೆ, ಗುರುವಾರ, ನಸುಕಿನಲ್ಲೇ ಮುಂಡಗೋಡದ ಕಡೆ ಮಳಗಿಗೆ ಹೋಗಬೇಕು, ಮಾಲು ತುಂಬಿಸಿ ಬರುವುದು ಸಂಜೆಯಾಗುತ್ತದೆ. ನೀನು, ಅವ್ವ, ಇಬ್ಬರದೂ ಸಹಿ ಬೇಕು ಎಂದ. ಕೈ ಹಸಿ ಐತ್ರಿ ಎಂದಳು. ಒರಸಿಕೊಂಡ ಮ್ಯಾಲೆ ಮಾಡು ಎಂದು ಅವನು ತಾಯಿಯ ಕಡೆ ತಿರುಗಿದ. ಗುರುಸಿದ್ದವ್ವ ಚಶ್ಮಾ ಸಿಗುತ್ತಿಲ್ಲ, ಓದದೆ ಹೆಂಗ ಸಹಿ ಮಾಡಲಿ ಎಂದಳು. ಮೂರು ದಿನದಿಂದ ಅದೇ ಮಾತು. ಅಷ್ಟು ದೊಡ್ಡ ಮನಿಯಾಗ ಒಂದು ಚಶ್ಮಾ ಹುಡುಕಿ ಕೊಡಾಕಾಗೂದಿಲ್ಲೇನು ನಿನಗ ಎಂದು ಹೆಂಡತಿಯ ಮೇಲೆ ಹರಿಹಾಯ್ದು ಹೊರಡುವಾಗ, ಮೊನ್ನೆ ಆ ಡಾಕ್ಟರು ಮತ್ತೆ ಫೋನು ಮಾಡಿದ್ದ ಸಂಗತಿಯನ್ನು ನಗುತ್ತ ಹೇಳಿದ. ಎದೆ ತಿಳಿಯಾಗಿದೆಯಂತೆ, ಈ ಗುರುವಾರ ಮುಂಜಾನೆ ಮೊದಲ ಸರದಿ ಇಟ್ಟಿದ್ದಾನಂತೆ, ತಡ ಮಾಡಿದಷ್ಟೂ ನಾಳ ಮುಚ್ಚಿಕೊಳ್ಳುತ್ತದಂತೆ. "ಕೊಂದ ಕೈಲೇ ಮತ್ತ ಕರೀತಾನ. ಎಷ್ಟ ಧೈರ್ಯ ನೋಡು." ಫೋನು ಕಟ್ ಮಾಡಿದೆ ಎಂದ. ಬಾಗಿಲು ದಾಟಿ ಹೋದ. ಬದುಕಿರುವ ತಾಯಿಯ ಎದುರಿಗೇ ಕೊಂದ ಎಂಬ ಮಾತಾಡಿದ್ದು ಅವನಿಗೆ ತಿಳಿಯಲೂ ಇಲ್ಲ.

ಮಧ್ಯಾಹ್ನ ಹಾಸಿಗೆ ಕೊಡವುವಾಗ ತಲೆದಿಂಬಿನ ಗವಸಿನೊಳಗೆ ಗಟ್ಟಿಯಾಗಿ ಏನೋ ತಗುಲಿತು. ಚಶ್ಮಾ. ಕರವಸ್ತ್ರದಲ್ಲಿ ಸುತ್ತಿ ಒಳಗೆ ತುರುಕಿತ್ತು. ಶಾಂತಾದೇವಿ ಅದನ್ನು ಕೈಯಲ್ಲಿ ಹಿಡಿದು ನಿಂತಳು. ಕಿಟಕಿಯ ಹತ್ತಿರದ ಕುರ್ಚಿಯಿಂದ ಅತ್ತೆ ನೋಡುತ್ತಿದ್ದಳು. ಕೆನ್ನೆ ಒಳಗೆ ಹೋಗಿ ಕಣ್ಣು ದೊಡ್ಡವಾಗಿದ್ದವು.

"ಸಿಕ್ತೇನು?"

"ಸಿಕ್ತ್ರಿ ಅತ್ತಿ."

"ಅಲ್ಲೇ ಇಡು."

ಇಟ್ಟಳು. ಗವಸಿನ ಬಾಯಿ ಮಡಿಸಿದಳು. ಅತ್ತೆ ಹೊರಗಿನ ಬಿಲ್ವದ ಸಸಿಯ ಕಡೆ ನೋಡುತ್ತ, ಬೇರೆ ಯಾರದೋ ಸುದ್ದಿ ಹೇಳುವವಳ ಹಾಗೆ ಮಾತು ತೆಗೆದಳು.

"ಆ ಹುಡುಗಿ ಕೇಳಿತ್ತು ನನ್ನ. ಎರಡ ಸಲ ಕೇಳಿತ್ತು. ನನಗ ಅದು ಹೊಟ್ಟಿಗೆ ಹೋಗಿದ್ದು ಅಂತ ಅನಸಲೇ ಇಲ್ಲ ನೋಡು. ನಾ ಹಳೀ ಮುದುಕಿ. ನೀ ಕಲ್ತಾಕಿ. ಬಾಜೂಕ ನಿಂತಿದ್ದಿ. ನೀ ಯಾಕ ಸುಮ್ಮನಿದ್ದಿ, ಡಾಕ್ಟರಬಾಯಿ?"

ಆ ಹೆಸರನ್ನು ಕೇಳಿ ಇಪ್ಪತ್ತು ವರ್ಷಗಳ ಮೇಲಾಗಿತ್ತು. ಮದುವೆಯಾದ ಹೊಸದರಲ್ಲಿ, ಹೊರಗಿನ ಪಡಸಾಲೆ ತುಂಬ ಬೀಗರು ಕೂತಾಗ, ಮಾತ್ರೆ ನುಂಗುತ್ತಿದ್ದ ಅತ್ತೆಗೆ ಅದು ಊಟಕ್ಕಿಂತ ಮೊದಲು ತಗೊಳ್ಳೋದ್ರಿ, ಚೀಟಿ ಮೇಲೆ ಬರೆದಿದೆ ಎಂದು ಅಂದುಬಿಟ್ಟಿದ್ದಳು. ಗುರುಸಿದ್ದವ್ವ ನಕ್ಕಿದ್ದಳು. ದಾಂಡೇಲಿಯಿಂದ ನಮಗ ಡಾಕ್ಟರಬಾಯಿ ಬಂದಾಳ, ಕೈ ತೋರಸ್ರಿ ಎಲ್ಲಾರೂ. ಬೀಗರೂ ನಕ್ಕರು, ಒಬ್ಬ ಮುದುಕ ನಿಜವಾಗಿಯೂ ಕೈ ಚಾಚಿ ನಾಡಿ ನೋಡವ್ವ ಎಂದ, ಅವಳ ಗಂಡನೂ ನಕ್ಕ. ಎಂಟು ದಿನ, ಹದಿನೈದು ದಿನ, ಚಾ ತಂದರೆ ಡಾಕ್ಟರಬಾಯಿ, ಬಟ್ಟೆ ಒಗೆದರೆ ಡಾಕ್ಟರಬಾಯಿ. ಅಂದಿನಿಂದ ಅತ್ತೆಯ ಮಾತಿಗೆ ಮಂದಿಯ ಎದುರು ತಿದ್ದುಪಡಿ ಹೇಳಿದ್ದೇ ಇಲ್ಲ. ಹಾಗೆಂದು ಈಗ ಉತ್ತರ ಕೊಡಬಹುದಿತ್ತು: ನೀವೇ ಕಲಿಸಿದ್ದು ಅತ್ತಿ. ಆದರೆ ಆ ಉತ್ತರವನ್ನೇ ಅವಳು ನಂಬುತ್ತಿರಲಿಲ್ಲ. ಅಭ್ಯಾಸದಿಂದ ಮುಚ್ಚಿದ ಬಾಯಿ ಒಂದು. ಗೊತ್ತಿದ್ದು ಮುಚ್ಚಿದ ಬಾಯಿ ಇನ್ನೊಂದು. ಅವಳದೇ ಗರ್ಭಚೀಲದ ಆಪರೇಶನ್ ಆದಾಗ ಒಂದು ಗುಟುಕು ನೀರಿಗೂ ಬೈಸಿಕೊಂಡಿದ್ದಳು. ಖಾಲಿ ಹೊಟ್ಟೆ ಎಂದರೆ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸರದಿ ತಪ್ಪಿದರೆ ಗಂಡ ಆಸ್ಪತ್ರೆಯಲ್ಲೇ ಕೂಗಾಡುತ್ತಾನೆಂದು ಹೆದರಿದೆನೇ? ಅಥವಾ ತುಟಿಗಳ ನಡುವೆ ಗಾಳಿ ಹೋದ ಆ ಒಂದು ಕ್ಷಣದಲ್ಲಿ, ಹೇಳಿಕೊಳ್ಳಲಿ, ತಾನೇ ಹೇಳಿದ್ದನ್ನು ತಾನೇ ಅನುಭವಿಸಲಿ ಎಂಬುದು ಒಳಗೆಲ್ಲೋ ಇಷ್ಟೇ ಇಷ್ಟು ಮಿಸುಕಿತೇ? ಹುಡುಕಿದಷ್ಟೂ ಅದು ಇದ್ದ ಹಾಗೂ ಕಾಣುತ್ತಿತ್ತು, ತಾನೇ ಹುಡುಕಿ ಹುಡುಕಿ ಅಲ್ಲಿ ಇಟ್ಟ ಹಾಗೂ ಕಾಣುತ್ತಿತ್ತು. ಡಾಕ್ಟರರನ್ನು ಅನುಮಾನಿಸಿ, ನಳಿಗೆಯನ್ನು, ಬಲೂನನ್ನು, ಹನ್ನೊಂದು ಗಂಟೆಯನ್ನು, ಗಂಡನನ್ನು ಅನುಮಾನಿಸಿ, ಕೊನೆಗೆ ಎಲ್ಲ ಹಾದಿಗಳೂ ಆ ತುಸು ತೆರೆದ ಬಾಯಿಗೇ ಬಂದು ನಿಲ್ಲುತ್ತಿದ್ದವು.

"ಗೊತ್ತಿಲ್ರಿ ಅತ್ತಿ," ಎಂದಳು.

ಮುದುಕಿ ತಲೆಯಾಡಿಸಿದಳು, ಸರಿಯಾದ ಲೆಕ್ಕ ಕೇಳಿದವಳ ಹಾಗೆ. ಆಮೇಲೆ, ಪ್ರಸಾದ ಒಳಗ ಇಳಿಯೂದಿಲ್ಲ ಈಗ, ಎದ್ಯಾಗ ನಿಂತು ಹೊಳ್ಳಿ ಬರತೈತಿ, ಹಂಗ ಬಾಯಿಂದ ಹೊರಗ ಹಾಕೂದಕ್ಕಿಂತ ಪತ್ರಿ ಗಿಡಕ್ಕ ಹಾಕೂದು ಚಲೋ ಅಂತ ಹಾಕತೇನಿ, ಈರ್ಯಾನ ಮುಂದ ಅನಬ್ಯಾಡ ಎಂದಳು. ಇಷ್ಟು ಉದ್ದ ಮಾತಾಡಿದ್ದಕ್ಕೆ ದಣಿದು ಕಣ್ಣು ಮುಚ್ಚಿದಳು. ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ಕರಡಿಗೆ ಈಗ ಎಲುಬಿನ ಮೇಲೆ ನೇರ ಕೂತಿತ್ತು. ಹೀಗೇ ಬಿಟ್ಟರೆ ಎಷ್ಟು ದಿನ? ಗಂಜಿಯ ನೀರೂ ನಿಲ್ಲುವ ದಿನ ದೂರವಿಲ್ಲ. ಮೊದಲ ಸಲ ಆ ಬಲೂನು ಕೊಟ್ಟ ಅರ್ಧ ರೊಟ್ಟಿಯನ್ನು, ಗೋಡೆಯ ಕಡೆ ತಿರುಗಿದ ಆ ಭುಜವನ್ನು ಈ ಮನೆಯಲ್ಲಿ ಎಲ್ಲರೂ ಮರೆತಿದ್ದರು. ಎಂಟು ದಿನದ ಐಸಿಯು ಮಾತ್ರ ನೆನಪಿತ್ತು.

ಇಳಿಹೊತ್ತಿಗೆ ಗಂಡ ಬಂದು ಊಟ ಬೇಗ ಬೇಕೆಂದ. ಹಾಳೆಗಳು ಕಟ್ಟೆಯ ಮೇಲೇ ಇದ್ದವು, ಮೇಲೆ ಅವಳು ಉಪ್ಪಿನ ಭರಣಿ ಇಟ್ಟಿದ್ದಳು. ನಾಳೆ ಸಂಜೆ ಬರೂದ್ರಾಗ ಮಾಡಿಟ್ಟಿರತೇನ್ರಿ ಎಂದಳು. ಅವನು ಹೂಂ ಎಂದು ಕೈ ತೊಳೆಯಲು ಹೋದ. ಶಾಂತಾದೇವಿ ದೇವರ ಕೋಣೆಗೆ ಹೋಗಿ ಎಂದಿನಂತೆ ಮರುದಿನದ ಪೂಜೆಗೆ ಅಣಿ ಮಾಡಿದಳು. ಆದರೆ ತಟ್ಟೆಗೆ ಹಾಕಲಿಲ್ಲ. ವಿಭೂತಿಯ ಗಟ್ಟಿ, ತಂಬಿಗೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಪತ್ರೆ, ಆ ಬಟ್ಟಲು, ಎರಡು ಬಾಳೆಹಣ್ಣು, ಒಂದೊಂದಾಗಿ ಬಟ್ಟೆಯ ಚೀಲಕ್ಕೆ ಇಳಿಸಿದಳು. ಬ್ಯಾಂಡೇಜಿನ ಬಟ್ಟೆಯ ಸುರುಳಿಯೊಂದು ಔಷಧದ ಡಬ್ಬಿಯಲ್ಲಿತ್ತು, ಅದನ್ನೂ ಹಾಕಿದಳು. ಆ ಕೋಣೆಯಲ್ಲಿ ನಾಳೆ ಯಾರಿರುತ್ತಾರೋ, ತೋಳಿಗೆ ಕಟ್ಟುವುದು ಅವರಿಗೆ ತಿಳಿಯಲಿಕ್ಕಿಲ್ಲ. ಎಲ್ಲಕ್ಕಿಂತ ಕೆಳಗೆ ಆಸ್ಪತ್ರೆಯ ಫೈಲು. ಅವನ ಗಾಡಿ ಮಳಗಿಯ ಕಡೆ ಹೊರಟ ಮೇಲೆ ದಾಂಡೇಲಿಯ ಮೊದಲ ಬಸ್ಸಿಗೆ ಹೊತ್ತು ಬೇಕಾದಷ್ಟಿರುತ್ತದೆ. ಪೂಜೆ ಅಲ್ಲಿಯೇ, ಬಲೂನು ಆದ ಮೇಲೆ, ಡಾಕ್ಟರು ಹೂಂ ಅಂದ ಮೇಲೆ. ಅವರ ಮೇಜಿನ ಮೇಲಿನ ಒಂದು ಖಾಲಿ ಹಾಳೆ ಕೇಳಿ ಪಡೆದು ಬರೆದುಕೊಡಬೇಕು: ನರ್ಸು ಕೇಳಿದ್ದರು. ಎರಡು ಸಲ ಕೇಳಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ, ನನಗೆ ಗೊತ್ತಿತ್ತು. ಕೊನೆಯ ಎರಡು ಶಬ್ದ ಸೊಟ್ಟಗಾದರೆ ಆಗಲಿ. ಅಕ್ಷರ ಓದಲು ಬಂದರೆ ಸಾಕು.

ಅಡಿಗೆಮನೆಗೆ ಮರಳಿ, ಮುಂಜಾನೆ ಹಿಂಡಿಟ್ಟ ಗಂಜಿಯ ನೀರನ್ನು ಮತ್ತೆ ಧೋತರದ ತುಂಡಿಗೆ ಸುರಿದು ಗಂಟು ಕಟ್ಟಿದಳು. ಈ ಸಲ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದ್ದಳು. ಬಾಗಿಲ ಹತ್ತಿರ ಗೋಡೆ ಹಿಡಿದು ನಿಂತ ಗುರುಸಿದ್ದವ್ವ, ಒಮ್ಮೆ ಹಿಂಡಿದ್ದಿಯಲ್ಲ, ಮತ್ತ ಯಾಕ ಎಂದು ಕೇಳಿದಳು.

"ಚೂರು ಉಳದಿದ್ದುವ್ರಿ ಅತ್ತಿ," ಎಂದು ಶಾಂತಾದೇವಿ ಗಂಟನ್ನು ಬಿಗಿ ಮಾಡಿದಳು.